ಕ್ಲಾರಿನೆಟ್ ವಾದನದಲ್ಲಿ ತುಟಿಹಿಡಿತ: ದಕ್ಷಿಣ ಬೆಂಗಳೂರಿನ ಕಲಿಕೆಯ ಹಿನ್ನೆಲೆಯಲ್ಲಿ

ಕ್ಲಾರಿನೆಟ್ಟಿನ ಮೌತ್‌ಪೀಸನ್ನು ಬಾಯಲ್ಲಿ ಹಿಡಿದು, ಅದಕ್ಕೆ ಕಟ್ಟಿದ ರೀಡು ಉಸಿರಿಗೆ ಮಿಡಿಯುವಂತೆ ತುಟಿ, ಕೆನ್ನೆ, ಗದ್ದ, ದವಡೆ, ನಾಲಗೆಗಳನ್ನು ಒಟ್ಟಾಗಿ ಅಣಿಗೊಳಿಸುವ ಕ್ರಮವೇ ತುಟಿಹಿಡಿತ. ಪಾಶ್ಚಾತ್ಯ ಪಾಠಕ್ರಮದಲ್ಲಿ ಇದಕ್ಕೆ ಎಂಬಶೂರ್ ಎನ್ನುತ್ತಾರೆ. ನಾದದ ಬಣ್ಣ, ಶ್ರುತಿಶುದ್ಧಿ, ಗಮಕದ ನಯ, ದಣಿಯದೆ ನುಡಿಸುವ ತಾಳಿಕೆ ಇವೆಲ್ಲ ಇದರ ಮೇಲೆ ನಿಂತಿವೆ. ಹಾಗಿದ್ದರೂ ತುಟಿಯ ದೋಷವೆಂದು ಕಾಣುವುದರಲ್ಲಿ ಬಹುಪಾಲು ಉಸಿರು, ರೀಡು ಅಥವಾ ಕೂರುವ ಭಂಗಿಯ ದೋಷವಾಗಿರುತ್ತದೆ. ತುಟಿಯನ್ನೇ ತಿದ್ದಲು ಹೊರಟವರು ವರ್ಷಗಟ್ಟಲೆ ಅಲ್ಲೇ ಸುತ್ತುತ್ತಾರೆ.

ದಕ್ಷಿಣ ಬೆಂಗಳೂರಿನ ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳಲ್ಲಿ ಈ ವಾದ್ಯಕ್ಕೆ ಬರುವವರು ಒಂದೇ ದಾರಿಯಿಂದ ಬಂದವರಲ್ಲ. ಲಂಡನ್ನಿನ ಟ್ರಿನಿಟಿ ಕಾಲೇಜಿನ ಗ್ರೇಡ್ ಪರೀಕ್ಷೆಗೆ ಓದುವ ಶಾಲಾ ಮಕ್ಕಳು ಕೆಲವರು. ಕಲ್ಯಾಣ ಮಂಟಪಗಳಲ್ಲಿ ಸ್ಯಾಕ್ಸೊಫೋನ್, ನಾಗಸ್ವರ ನುಡಿಸುವ ಮನೆತನದ ಹುಡುಗರು ಕೆಲವರು. ಕರ್ನಾಟಕ ಸಂಗೀತದಲ್ಲಿ ಹಾಡುಗಾರಿಕೆ ಕಲಿತು ವಾದ್ಯಕ್ಕೆ ತಿರುಗಿದವರೂ ಪೊಲೀಸ್ ಅಥವಾ ಸೇನಾ ಬ್ಯಾಂಡಿನಲ್ಲಿ ತರಬೇತಿಯಾದವರೂ ಇದ್ದಾರೆ. ಒಬ್ಬೊಬ್ಬರ ಬಾಯಿಗೂ ಒಂದೊಂದು ಪೂರ್ವಾಭ್ಯಾಸ. ನಾಗಸ್ವರದ ರೀಡಾದ ಸೀವಾಳಿಗೆ ಎರಡೂ ತುಟಿ ಕೊಟ್ಟು ಬಲವಾಗಿ ಊದಿ ಬೆಳೆದವನಿಗೂ ಸ್ಯಾಕ್ಸೊಫೋನಿನ ಸಡಿಲ ಹಿಡಿತಕ್ಕೆ ಒಗ್ಗಿದವನಿಗೂ ಒಂದೇ ಪುಸ್ತಕದ ಒಂದೇ ಪುಟ ತೋರಿಸಿದರೆ ಕೆಲಸ ಆಗುವುದಿಲ್ಲ.

ವಾದ್ಯ ಬಂದ ಬಗೆ

ಜರ್ಮನಿಯ ನ್ಯೂರೆಂಬರ್ಗಿನ ವಾದ್ಯ ತಯಾರಕ ಯೋಹಾನ್ ಕ್ರಿಸ್ಟೋಫ್ ಡೆನರ್ 1700ರ ಆಸುಪಾಸಿನಲ್ಲಿ ಶಾಲುಮೊ ಎಂಬ ಒಂಟಿ ರೀಡಿನ ಕೊಳಲನ್ನು ತಿದ್ದಿ ಕ್ಲಾರಿನೆಟ್ ರೂಪಿಸಿದನೆಂಬುದು ಸಾಮಾನ್ಯ ಒಪ್ಪಿಗೆ. ಆರಂಭದ ವಾದಕರಲ್ಲಿ ಅನೇಕರು ರೀಡನ್ನು ಮೇಲ್ತುಟಿಯ ಕಡೆಗಿಟ್ಟು ನುಡಿಸುತ್ತಿದ್ದರು. 1812ರಲ್ಲಿ ಪ್ಯಾರಿಸ್ಸಿನಲ್ಲಿ 13 ಕೀಗಳ ಕ್ಲಾರಿನೆಟ್ ಮುಂದಿಟ್ಟ ಇವಾನ್ ಮ್ಯೂಲರ್ ರೀಡು ಕೆಳತುಟಿಯ ಮೇಲೆ ಕೂರುವ ಕ್ರಮವನ್ನು ಎತ್ತಿಹಿಡಿದ. ಇಟಲಿಯ ನೇಪಲ್ಸ್‌ನಲ್ಲಿ ಹಳೆಯ ಪದ್ಧತಿ ಬಹುಕಾಲ ಉಳಿದರೂ ಉಳಿದೆಡೆಯೆಲ್ಲ ಕೆಳತುಟಿಯ ಪದ್ಧತಿಯೇ ನೆಲೆಯಾಯಿತು. ತುಟಿಹಿಡಿತ ಪ್ರಕೃತಿ ಕೊಟ್ಟ ಒಂದೇ ರೂಪವಲ್ಲ, ಬೇಕಾದ ನಾದಕ್ಕೆ ತಕ್ಕಂತೆ ವಾದಕರು ಬದಲಿಸಿಕೊಂಡು ಬಂದದ್ದು ಎಂಬುದನ್ನು ಮರೆಯದಿರಲು ಈ ಇತಿಹಾಸ ಬೇಕು.

ದಕ್ಷಿಣ ಭಾರತಕ್ಕೆ ಕ್ಲಾರಿನೆಟ್ ಬಂದದ್ದು ಬ್ಯಾಂಡುಗಳ ಜೊತೆ. ತಂಜಾವೂರಿನ ಮಹಾದೇವ ನಟ್ಟುವನಾರ್ 1860ರ ಸುಮಾರಿಗೆ ಅದನ್ನು ಸದಿರ್ ನೃತ್ಯದ ಹಿಮ್ಮೇಳಕ್ಕೆ ತಂದರೆಂದು ಸಂಗೀತ ಇತಿಹಾಸಕಾರರು ದಾಖಲಿಸುತ್ತಾರೆ. ಅದನ್ನು ಕರ್ನಾಟಕ ಸಂಗೀತದ ಕಛೇರಿ ವಾದ್ಯವಾಗಿ ಎತ್ತರಕ್ಕೆ ಒಯ್ದವರು ತಿರುಚಿರಾಪಳ್ಳಿಯ ಎ.ಕೆ.ಸಿ. ನಟರಾಜನ್. ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ನಟರಾಜನ್ನರಿಗೆ ಹಾಡುಗಾರಿಕೆಯ ಶಿಕ್ಷಣವೂ ನಾಗಸ್ವರದ ಶಿಕ್ಷಣವೂ ಆಗಿತ್ತು. ಅವರ ಕ್ಲಾರಿನೆಟ್ಟಿನ ಗಮಕ ಕೇಳಿದವರಿಗೆ ಅದು ಬೆರಳಿನ ಚಮತ್ಕಾರ ಮಾತ್ರವಲ್ಲ, ಗಾಯಕನ ಗಂಟಲನ್ನು ಬಲ್ಲ ಬಾಯಿಯ ಕೆಲಸ ಎಂದು ಗೊತ್ತಾಗುತ್ತದೆ.

ಮೈಸೂರು ಸಂಸ್ಥಾನದ ಕಥೆ ಬೇರೆ. ಅರಮನೆಯಲ್ಲಿ ಇಂಗ್ಲಿಷ್ ಬ್ಯಾಂಡೂ ಕರ್ನಾಟಕ ಸಂಗೀತ ನುಡಿಸುವ ಬ್ಯಾಂಡೂ ಜೊತೆಜೊತೆಗೆ ಬೆಳೆದವು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಜರ್ಮನ್ ಸಂಗೀತಗಾರ ಆಟೊ ಶ್ಮಿಟ್ ಅರಮನೆಯ ಪಾಶ್ಚಾತ್ಯ ವಾದ್ಯವೃಂದವನ್ನು ನಡೆಸಿದರು. ಆ ಪರಂಪರೆ ಈಗ ಕರ್ನಾಟಕ ಪೊಲೀಸ್ ಬ್ಯಾಂಡಿನಲ್ಲಿ ಉಳಿದಿದ್ದು, ದಸರೆಯಲ್ಲಿ ಎರಡೂ ಶೈಲಿಯ ವಾದನ ಕೇಳಿಬರುತ್ತದೆ. ಜಯನಗರಕ್ಕೆ ಯಾರ ಹೆಸರಿದೆಯೋ ಆ ಜಯಚಾಮರಾಜ ಒಡೆಯರು 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಶಿಯೇಟ್ ಆದವರು, ಟ್ರಿನಿಟಿ ಕಾಲೇಜಿನ ಗೌರವ ಫೆಲೊ ಕೂಡ. ಶ್ರೀವಿದ್ಯೆಯ ಹಿನ್ನೆಲೆಯಲ್ಲಿ ಕರ್ನಾಟಕ ಸಂಗೀತದ ಕೃತಿಗಳನ್ನು ರಚಿಸಿದವರೂ ಅವರೇ. ಎರಡು ಸಂಗೀತಗಳು ಒಂದೇ ಬಾಯಲ್ಲಿ ಸಂಧಿಸುವ ಪ್ರಶ್ನೆ ಇಲ್ಲಿ ಇಂದಿನದಲ್ಲ.

ಬಂಟ್ವಾಳ ತಾಲ್ಲೂಕಿನ ಸಜಿಪಮೂಡದಲ್ಲಿ 1949ರಲ್ಲಿ ಹುಟ್ಟಿದ ಸ್ಯಾಕ್ಸೊಫೋನ್ ವಾದಕ ಕದ್ರಿ ಗೋಪಾಲನಾಥ್ ಆ ವಾದ್ಯವನ್ನು ಮೊದಲು ಕೇಳಿದ್ದು ಮೈಸೂರು ಅರಮನೆಯ ಬ್ಯಾಂಡಿನಲ್ಲಿ. ತಂದೆ ತನಿಯಪ್ಪ ನಾಗಸ್ವರ ವಾದಕರು. ಸ್ಯಾಕ್ಸೊಫೋನ್ ಕೂಡ ಒಂಟಿ ರೀಡಿನ ವಾದ್ಯವೇ. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್‌ನಲ್ಲಿ ಅವರು ನುಡಿಸಿದರು, 2004ರಲ್ಲಿ ಪದ್ಮಶ್ರೀ ಪಡೆದರು, 2019ರಲ್ಲಿ ತೀರಿಕೊಂಡರು. ಅವರ ಪ್ರಭಾವದಿಂದ ಬೆಂಗಳೂರಿನ ಮದುವೆ ಮನೆಗಳಲ್ಲಿ, ದೇವಸ್ಥಾನಗಳಲ್ಲಿ ಡೋಲಿನ ಜೊತೆ ಸ್ಯಾಕ್ಸೊಫೋನ್ ಸಾಮಾನ್ಯವಾಯಿತು. ಕ್ಲಾರಿನೆಟ್ ಮಾತ್ರ ಹಿಂದೆ ಸರಿಯಿತು. ಹಿಂದೂಸ್ತಾನಿ ಪದ್ಧತಿಯಲ್ಲಿ ಅದನ್ನು ಉಳಿಸಿ ಬೆಳೆಸಿದ ಕನ್ನಡಿಗರಲ್ಲಿ ರಾಯಚೂರಿನ ಪಂಡಿತ್ ನರಸಿಂಹಲು ವಡವಾಟಿ ಮುಖ್ಯರು. ಅವರು ಗಾಯಕ ಸಿದ್ಧರಾಮ ಜಂಬಲದಿನ್ನಿಯವರ ಶಿಷ್ಯರು. ನಟರಾಜನ್ನರಂತೆ ಇವರಿಗೂ ವಾದ್ಯದ ಮಾತು ಬಂದದ್ದು ಗಾಯನದ ಮೂಲಕ.

ರೀಡು ಮಿಡಿಯುವ ಬಗೆ

ರೀಡಿನ ತುದಿ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ತೆಳು. ಅದಕ್ಕೂ ಮೌತ್‌ಪೀಸಿನ ತುದಿಗೂ ನಡುವಿನ ಸೀಳು ಒಂದು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು. ಬಹಳ ಕಡೆ ಕಾಣಸಿಗುವ ವಾಂಡೊರೆನ್ ಕಂಪನಿಯ ಬಿ-45 ಮೌತ್‌ಪೀಸಿನಲ್ಲಿ ಅದು 1.195 ಮಿ.ಮೀ., 5ಆರ್‌ವಿ ಎಂಬುದರಲ್ಲಿ 1.065. ಒಳಗಿನ ಉಸಿರಿನ ಒತ್ತಡ ನೀರಿನ ಕಂಬದ ಲೆಕ್ಕದಲ್ಲಿ ಸುಮಾರು 20ರಿಂದ 50 ಸೆಂಟಿಮೀಟರ್. ಆ ಒತ್ತಡಕ್ಕೆ ರೀಡು ಬಾಗಿ ಸೀಳು ಕಿರಿದಾಗುತ್ತದೆ, ನಳಿಗೆಯೊಳಗಿನ ಗಾಳಿಯ ಅಲೆ ಹಿಂತಿರುಗಿ ಬಂದು ಅದನ್ನು ಮತ್ತೆ ತೆರೆಸುತ್ತದೆ. ಎಫ್ ಶ್ರುತಿಯ ಮಧ್ಯಸ್ಥಾಯಿ ಷಡ್ಜ ಹಿಡಿದರೆ ಇದು ಸೆಕೆಂಡಿಗೆ ಸುಮಾರು 175 ಬಾರಿ ನಡೆಯುತ್ತದೆ. ಜೋರಾಗಿ ನುಡಿಸುವಾಗ ಪ್ರತಿ ಸುತ್ತಿನಲ್ಲೂ ಸೀಳು ಪೂರ್ತಿ ಮುಚ್ಚಿ ತೆರೆಯುತ್ತದೆ.

ಇದರಲ್ಲಿ ಕೆಳತುಟಿಗೆ ಎರಡು ಕೆಲಸ. ರೀಡಿಗೆ ತನ್ನದೇ ಆದ ಒಂದು ಕೀರಲು ಸ್ವರವಿದೆ. ತುಟಿಯ ತೇವದ ಮೆತ್ತೆ ಅದನ್ನು ಅಡಗಿಸಿ, ನಳಿಗೆಯ ಗಾಳಿ ಕೇಳಿದ ಸ್ವರವನ್ನಷ್ಟೇ ರೀಡು ನುಡಿಯುವಂತೆ ಮಾಡುತ್ತದೆ. ಮೆತ್ತೆ ತೀರ ಕಡಿಮೆಯಾದರೆ ಕೀರಲು ಏಳುತ್ತದೆ. ಇನ್ನೊಂದು, ಸೀಳಿನ ಅಗಲವನ್ನು ಸ್ವಲ್ಪ ಹದಗೊಳಿಸುವುದು. ಹೊಸಬರು ತಪ್ಪುವುದು ಈ ಎರಡನೆಯದರಲ್ಲಿ. ಸ್ವರ ಬಾರದಿದ್ದಾಗ ಕಚ್ಚುತ್ತಾರೆ. ಕಚ್ಚಿದಾಗ ಸೀಳು ಮುಚ್ಚಿ ನಾದ ಸಣ್ಣಗಾಗುತ್ತದೆ, ಶ್ರುತಿ ಏರುತ್ತದೆ, ಕೆಳತುಟಿಯ ಒಳಗೆ ಹಲ್ಲಿನ ಗುರುತು ಬೀಳುತ್ತದೆ. ನೋವು ತಡೆಯಲಾರದೆ ಇನ್ನೂ ಮೆತ್ತನೆಯ ರೀಡು ಕೊಳ್ಳುತ್ತಾರೆ. ಅದು ಇನ್ನೂ ಬೇಗ ಮುಚ್ಚುತ್ತದೆ.

ಕ್ಲಾರಿನೆಟ್ಟಿನ ನಳಿಗೆ ಸಿಲಿಂಡರಿನ ಆಕಾರದ್ದು, ಮೌತ್‌ಪೀಸಿನ ಕಡೆ ಮುಚ್ಚಿದಂತೆ ವರ್ತಿಸುತ್ತದೆ. ಆದ್ದರಿಂದ ರಿಜಿಸ್ಟರ್ ಕೀ ಒತ್ತಿದಾಗ ಸ್ಯಾಕ್ಸೊಫೋನಿನಂತೆ, ಕೊಳಲಿನಂತೆ ಅದೇ ಸ್ವರ ಮೇಲಿನ ಸ್ಥಾಯಿಯಲ್ಲಿ ಬರುವುದಿಲ್ಲ. ಕೆಳಗೆ ಷಡ್ಜ ನುಡಿದ ಬೆರಳಿಟ್ಟೇ ಮೇಲಿನ ಸ್ಥಾಯಿಯ ಪಂಚಮ ಬರುತ್ತದೆ. ಸ್ಯಾಕ್ಸೊಫೋನಿನಿಂದ ಬಂದ ವಾದಕ ಎಡವುವ ಜಾಗ ಇದು. ಈ ದೊಡ್ಡ ಜಿಗಿತವನ್ನು ತುಟಿ ಬಿಗಿದು ಸಾಧಿಸಬೇಕೆಂದು ಬಾಯಿಗೆ ತಾನಾಗಿ ತೋಚುತ್ತದೆ. ಹಾಗೆ ಬಿಗಿಯಬೇಕಾಗಿಲ್ಲ. ಜಿಗಿತದ ಕೆಲಸ ಕೀಯದು, ಬಾಯಿ ಇದ್ದಂತೆಯೇ ಇದ್ದರೆ ಸಾಕು.

ಹಿಡಿತ ಕಟ್ಟುವುದು

ಮೌತ್‌ಪೀಸನ್ನು ಎಷ್ಟು ಒಳಗೆ ತೆಗೆದುಕೊಳ್ಳಬೇಕು ಎಂಬುದಕ್ಕೆ ಅಳತೆ ವಾದ್ಯದಲ್ಲೇ ಇದೆ. ರೀಡಿಗೂ ಮೌತ್‌ಪೀಸಿಗೂ ನಡುವೆ ತೆಳು ಕಾಗದವನ್ನು ತುದಿಯಿಂದ ಜಾರಿಸಿದರೆ ಒಂದು ಕಡೆ ತಡೆದು ನಿಲ್ಲುತ್ತದೆ. ರೀಡು ಮೌತ್‌ಪೀಸಿನಿಂದ ಬೇರೆಯಾಗುವ ಜಾಗ ಅದು. ಕೆಳತುಟಿ ಕೂರಬೇಕಾದದ್ದು ಅಲ್ಲಿ, ತುದಿಯಿಂದ ಒಂದು ಸೆಂಟಿಮೀಟರಿಗಿಂತ ತುಸು ಒಳಗೆ. ಹೊಸಬರಲ್ಲಿ ಹೆಚ್ಚಿನವರು ತೀರ ಕಡಿಮೆ ತೆಗೆದುಕೊಳ್ಳುತ್ತಾರೆ, ನಾದ ಉಸಿರುಗಟ್ಟಿದಂತೆ ಬರುತ್ತದೆ. ಕೀರಲು ಬರುವವರೆಗೆ ಒಳಗೆ ತೆಗೆದುಕೊಂಡು, ಅಲ್ಲಿಂದ ಕೂದಲೆಳೆಯಷ್ಟು ಹಿಂದೆ ಬರುವುದು ಹಳೆಯ ಬೋಧಕರ ಉಪಾಯ. ಬೇರೆ ಯಾವ ವಿವರಣೆಗಿಂತ ಬೇಗ ಅರ್ಥವಾಗುವುದು ಇದೇ.

ಮೇಲಿನ ಹಲ್ಲುಗಳು ಮೌತ್‌ಪೀಸಿನ ಬೆನ್ನ ಮೇಲೆ ನಿಲ್ಲುತ್ತವೆ. ಕೆಳತುಟಿ ಕೆಳಹಲ್ಲಿನ ಮೇಲೆ ಹೊದ್ದುಕೊಳ್ಳುತ್ತದೆ. ತುಟಿಯ ಕೆಂಪು ಭಾಗದಲ್ಲಿ ಅರ್ಧದಷ್ಟು ಒಳಗೆ ಹೋದರೆ ಬಹುತೇಕರಿಗೆ ಸಾಕು. ತುಟಿ ತೆಳುವಿದ್ದವರಿಗೆ ಇನ್ನೂ ಸ್ವಲ್ಪ ಹೆಚ್ಚು, ದಪ್ಪವಿದ್ದವರಿಗೆ ಕಡಿಮೆ. ಬಾಯಿಯ ಎರಡು ಮೂಲೆಗಳು ಮೌತ್‌ಪೀಸಿನತ್ತ ಒಳಕ್ಕೆ ಸೇರುತ್ತವೆ, ನಗುವಾಗಿನಂತೆ ಹಿಂದಕ್ಕೆ ಎಳೆಯುವುದಿಲ್ಲ. ಗದ್ದ ಚಪ್ಪಟೆಯಾಗಿ ಕೆಳಕ್ಕೆ ಇಳಿದಿರುತ್ತದೆ. ಗದ್ದದಲ್ಲಿ ಗುಳಿಗಳೆದ್ದು ಚರ್ಮ ಮುದುಡಿದರೆ ಕೆಳತುಟಿ ರೀಡಿನ ಮೇಲೆ ಗುಪ್ಪೆಯಾಗಿದೆ ಎಂದರ್ಥ. ಕನ್ನಡಿ ಮುಂದೆ ಕೂತು ನುಡಿಸಿದರೆ ಕಲಿಯುವವನಿಗೇ ಕಾಣುತ್ತದೆ. ಕೆನ್ನೆ ಉಬ್ಬಬಾರದು. ಕಲ್ಯಾಣ ಮಂಟಪದಲ್ಲಿ ಗಂಟೆಗಟ್ಟಲೆ ಕೆನ್ನೆ ಉಬ್ಬಿಸಿ ನುಡಿಸುವ ಒಳ್ಳೆಯ ವಾದಕರೂ ಇದ್ದಾರೆ ಎಂಬುದು ನಿಜ. ಆದರೆ ಕ್ಲಾರಿನೆಟ್ಟಿನ ಮೇಲ್ಸ್ಥಾಯಿಯಲ್ಲಿ ಆ ಅಭ್ಯಾಸ ಮೂಲೆಗಳ ಹಿಡಿತವನ್ನು ಬಿಡಿಸಿ ಗಾಳಿ ಸೋರಿಸುತ್ತದೆ.

ನಾಲಗೆಯ ಹಿಂಭಾಗ ‘ಈ’ ಅನ್ನುವಾಗಿನಂತೆ ಎತ್ತರದಲ್ಲಿದ್ದರೆ ಉಸಿರು ಕಿರಿದಾದ ದಾರಿಯಲ್ಲಿ ರಭಸದಿಂದ ರೀಡಿಗೆ ತಲಪುತ್ತದೆ. ಹಾಡುಗಾರಿಕೆ ಕಲಿತವರಿಗೆ ಇದು ವಿಚಿತ್ರವೆನಿಸುತ್ತದೆ. ಅಕಾರದ ಸಾಧನೆ ಅವರಿಗೆ ಬಾಯಿಯೊಳಗೆ ಅಗಲವಾದ ಜಾಗ ಬಿಡುವುದನ್ನು ಕಲಿಸಿದೆ. ಅವರಿಗೆ ಹೇಳಬೇಕಾದದ್ದು: ಗಂಟಲು ಅಕಾರದಲ್ಲಿ ತೆರೆದಿರಲಿ, ನಾಲಗೆ ಈಕಾರದಲ್ಲಿರಲಿ. ಕೆಲವು ವಾರ ಗೊಂದಲವಾಗುತ್ತದೆ, ಆಮೇಲೆ ನಾದ ಬಿಚ್ಚಿಕೊಳ್ಳುತ್ತದೆ.

ಹಿಡಿತ ಸರಿಯೋ ಎಂದು ತಿಳಿಯಲು ಮೌತ್‌ಪೀಸಿಗೆ ಅದರ ಕೆಳಗಿನ ಗಿಡ್ಡ ತುಂಡಾದ ಬ್ಯಾರೆಲ್ ಮಾತ್ರ ಸೇರಿಸಿ ಊದುವ ಪರೀಕ್ಷೆಯಿದೆ. ಬಿ ಫ್ಲಾಟ್ ಕ್ಲಾರಿನೆಟ್ಟಿನಲ್ಲಿ ಆಗ ಎಫ್ ಶಾರ್ಪಿನ ಸುತ್ತಮುತ್ತ ಸ್ವರ ಬರಬೇಕು. ಫೋನಿನ ಟ್ಯೂನರ್ ಆ್ಯಪಿನಲ್ಲಿ ನೋಡಬಹುದು. ಸ್ವರ ಅದಕ್ಕಿಂತ ಕೆಳಗಿದ್ದರೆ ಹಿಡಿತ ಸಡಿಲ ಅಥವಾ ನಾಲಗೆ ಕೆಳಗೆ. ಮೇಲಿದ್ದರೆ ಕಚ್ಚುತ್ತಿದ್ದಾರೆ. ಸ್ಯಾಕ್ಸೊಫೋನಿನಿಂದ ಬಂದವರದು ಸಾಮಾನ್ಯವಾಗಿ ಕೆಳಗೆ, ನಾಗಸ್ವರದಿಂದ ಬಂದವರದು ಉಸಿರಿನ ಬಲದಿಂದ ಒಡೆದು ಅಲ್ಲಾಡುತ್ತದೆ.

ಮೇಲ್ತುಟಿಯನ್ನೂ ಹಲ್ಲಿನ ಕೆಳಗೆ ಮಡಚಿಟ್ಟು ಎರಡೂ ತುಟಿಯಿಂದ ಹಿಡಿಯುವ ಪದ್ಧತಿ ಪಾಶ್ಚಾತ್ಯರಲ್ಲೂ ಇದೆ. 1970ರಿಂದ 1993ರವರೆಗೆ ಬಾಸ್ಟನ್ ಸಿಂಫನಿಯ ಮುಖ್ಯ ಕ್ಲಾರಿನೆಟ್ ವಾದಕರಾಗಿದ್ದ ಹೆರಾಲ್ಡ್ ರೈಟ್ ಹಾಗೆ ನುಡಿಸುತ್ತಿದ್ದರು. ಮೇಲ್ತುಟಿ ನೋಯುವುದರಿಂದ ಕಚ್ಚಲು ಆಗುವುದೇ ಇಲ್ಲ ಎಂಬುದು ಇದರ ಲಾಭ. ನಾಗಸ್ವರದ ಮನೆತನದವರಿಗೆ ಇದು ಸಹಜವಾಗಿ ಬರುತ್ತದೆ. ಅದನ್ನು ತಪ್ಪೆಂದು ಬಿಡಿಸುವ ಬೋಧಕರಿದ್ದಾರೆ, ಬಿಡಿಸಬೇಕಾದ ಕಾರಣ ಕಾಣುವುದಿಲ್ಲ. ಬೇರೆ ಹಿಡಿತದಲ್ಲಿ ಬೆಳೆದವರೂ ದಿನಕ್ಕೆ ಐದು ನಿಮಿಷ ಹೀಗೆ ನುಡಿಸಿದರೆ ದವಡೆಯ ಬಿಗಿ ಇಳಿಯುತ್ತದೆ.

ಚಕ್ಕಳಮಕ್ಕಳ ಕೂತಾಗ

ಪಾಶ್ಚಾತ್ಯ ಪುಸ್ತಕಗಳ ಚಿತ್ರದಲ್ಲಿ ವಾದಕ ಕುರ್ಚಿಯ ಮೇಲೆ ಕೂತಿರುತ್ತಾನೆ ಅಥವಾ ನಿಂತಿರುತ್ತಾನೆ. ವಾದ್ಯ ದೇಹಕ್ಕೆ 30ರಿಂದ 40 ಡಿಗ್ರಿ ಕೋನದಲ್ಲಿರುತ್ತದೆ. ಕರ್ನಾಟಕ ಸಂಗೀತದ ಕಛೇರಿ ನಡೆಯುವುದು ನೆಲದ ಮೇಲೆ. ಬನಶಂಕರಿ ಎರಡನೇ ಹಂತದ ಶ್ರೀರಾಮ ಲಲಿತ ಕಲಾ ಮಂದಿರದ ವೇದಿಕೆಯಾಗಲಿ, ಜಯನಗರ 9ನೇ ಬ್ಲಾಕಿನ ರಾಗಿಗುಡ್ಡ ಪ್ರಸನ್ನ ಆಂಜನೇಯ ದೇವಸ್ಥಾನದ ಉತ್ಸವವಾಗಲಿ, ವಾದಕ ಚಕ್ಕಳಮಕ್ಕಳ ಹಾಕಿಯೇ ಕೂರುತ್ತಾನೆ. ಕ್ಲಾರಿನೆಟ್ಟಿನ ಉದ್ದ ಸುಮಾರು 66 ಸೆಂಟಿಮೀಟರ್. ಕೂತಾಗ ಅದರ ಕೆಳತುದಿಯ ಬೆಲ್ ಮಡಚಿದ ಕಾಲಿಗೆ ತಗಲುತ್ತದೆ. ಆಗ ವಾದಕ ಎರಡರಲ್ಲಿ ಒಂದು ಮಾಡುತ್ತಾನೆ: ವಾದ್ಯವನ್ನು ಮುಂದಕ್ಕೆ ಎತ್ತುತ್ತಾನೆ ಅಥವಾ ತಲೆ ತಗ್ಗಿಸುತ್ತಾನೆ.

ಎರಡೂ ಹಿಡಿತವನ್ನು ಬದಲಿಸುತ್ತವೆ. ವಾದ್ಯ ಮುಂದಕ್ಕೆ ಎದ್ದಾಗ ರೀಡು ಕೆಳತುಟಿಯ ಮೇಲೆ ಅಡ್ಡಲಾಗಿ ಮಲಗುತ್ತದೆ, ನಾದ ಅಗಲವಾಗಿ ಸ್ಯಾಕ್ಸೊಫೋನಿನತ್ತ ವಾಲುತ್ತದೆ, ಮೇಲ್ಸ್ಥಾಯಿ ಇಳಿಶ್ರುತಿಯಾಗುತ್ತದೆ. ತಲೆ ತಗ್ಗಿದಾಗ ಗದ್ದ ಎದೆಗೆ ಹತ್ತಿರವಾಗಿ ಗಂಟಲು ಮಡಚುತ್ತದೆ, ಉಸಿರು ಕುಗ್ಗುತ್ತದೆ, ಕೊರತೆ ತುಂಬಲು ಬಾಯಿ ಬಿಗಿಯುತ್ತದೆ. ಶಾಲೆಯಲ್ಲಿ ಕುರ್ಚಿಯ ಮೇಲೆ ಚೆನ್ನಾಗಿ ನುಡಿಸುವ ವಿದ್ಯಾರ್ಥಿ ವೇದಿಕೆಯ ಜಮಖಾನೆಯ ಮೇಲೆ ಕೂತೊಡನೆ ತಡವರಿಸುವುದಕ್ಕೆ ಸಭಾಕಂಪನ ಒಂದೇ ಕಾರಣವಲ್ಲ. ಪರಿಹಾರ ಸರಳ. ಕೆಳಗೆ ಗಟ್ಟಿ ಮಣೆಯನ್ನೋ ನಾಲ್ಕು ಬೆರಳೆತ್ತರದ ದಿಂಬನ್ನೋ ಹಾಕಿ ಸೊಂಟ ಎತ್ತರಿಸಬೇಕು, ಮಂಡಿಗಳು ಇಳಿಯುತ್ತವೆ, ಬೆಲ್‌ಗೆ ಜಾಗವಾಗುತ್ತದೆ. ಸುಮಾರು 800 ಗ್ರಾಂ ತೂಕವನ್ನು ಬಲ ಹೆಬ್ಬೆರಳೊಂದೇ ಹೊರುವ ಬದಲು ಕೊರಳಪಟ್ಟಿ ಬಳಸಬಹುದು. ಹೆಬ್ಬೆರಳು ಸೋತಾಗ ವಾದ್ಯ ಜಾರುತ್ತದೆ, ಜಾರುವುದನ್ನು ತಡೆಯಲು ಹಲ್ಲು ಕಚ್ಚುತ್ತದೆ. ನೆಲದ ಮೇಲೆ ನುಡಿಸಬೇಕಾದವರು ಮೊದಲ ತಿಂಗಳಿನಿಂದಲೇ ನೆಲದ ಮೇಲೆ ಸಾಧನೆ ಮಾಡುವುದು ಒಳ್ಳೆಯದು.

ಗಮಕಕ್ಕೆ ಬೇಕಾದ ಹಿಡಿತ

ಪಾಶ್ಚಾತ್ಯ ವಾದ್ಯವೃಂದದ ಕ್ಲಾರಿನೆಟ್ ಪಾಠ ಒಂದೇ ಮಾತನ್ನು ಒತ್ತುತ್ತದೆ: ಹಿಡಿತ ಅಲುಗಬಾರದು. ಕರ್ನಾಟಕ ಸಂಗೀತಕ್ಕೆ ಆ ಮಾತು ಅರ್ಧ ಮಾತ್ರ ಸರಿ. ತೋಡಿಯ ಗಾಂಧಾರವನ್ನೂ ಶಂಕರಾಭರಣದ ಮಧ್ಯಮವನ್ನೂ ಅಲುಗದ ಬಾಯಲ್ಲಿ ನುಡಿಸಿದರೆ ಅವು ಪಿಯಾನೊದ ಮನೆಗಳಂತೆ ಬಿಡಿಬಿಡಿಯಾಗುತ್ತವೆ, ರಾಗ ಬರುವುದಿಲ್ಲ. ಹಾಗೆಂದು ಎಲ್ಲ ಗಮಕವನ್ನೂ ತುಟಿಯಿಂದ ಮಾಡಲು ಹೊರಟರೆ ಶ್ರುತಿ ನೆಲೆ ಕಳೆದುಕೊಳ್ಳುತ್ತದೆ.

ಕ್ಲಾರಿನೆಟ್ಟಿನಲ್ಲಿ ಹೆಬ್ಬೆರಳೂ ಸೇರಿ ಏಳು ರಂಧ್ರಗಳನ್ನು ಬೆರಳೇ ನೇರವಾಗಿ ಮುಚ್ಚುತ್ತದೆ. ಬೆರಳನ್ನು ರಂಧ್ರದ ಅಂಚಿಗೆ ಮೆಲ್ಲಗೆ ಜಾರಿಸಿ ಸ್ವರವನ್ನು ನಿಧಾನ ಏರಿಸಿ ಇಳಿಸಬಹುದು. ಸ್ಯಾಕ್ಸೊಫೋನಿನಲ್ಲಿ ರಂಧ್ರಗಳೆಲ್ಲ ಪ್ಯಾಡಿನಿಂದ ಮುಚ್ಚುವುದರಿಂದ ಅಲ್ಲಿ ಗಮಕದ ಹೊರೆ ಬಾಯಿಯ ಮೇಲೆ ಹೆಚ್ಚು. ಆ ವಾದ್ಯದಿಂದ ಬಂದವರು ಈ ಅನುಕೂಲ ಬಿಟ್ಟು ಹಳೆಯ ರೂಢಿಯಂತೆ ದವಡೆ ಅಲ್ಲಾಡಿಸುವುದು ಕಾಣುತ್ತದೆ. ಕ್ಲಾರಿನೆಟ್ಟಿನ ಕೆಳಸ್ಥಾಯಿಯಲ್ಲಿ ದವಡೆಯಿಂದ ಬಗ್ಗುವುದು ತೀರ ಕಡಿಮೆ. ಅಲ್ಲಿ ಕಂಪಿತವನ್ನೂ ಜಾರುವನ್ನೂ ಬೆರಳಿಗೇ ಬಿಡಬೇಕು. ಮೇಲಿನ ಸ್ಥಾಯಿಗೆ ಹೋದಂತೆ ಬಾಯಿಯ ಅಧಿಕಾರ ಹೆಚ್ಚುತ್ತದೆ. ಸಿಡ್ನಿಯ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು 2009ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಅಳೆದು ತೋರಿಸಿತು. ಮೇಲ್ಸ್ಥಾಯಿಯಲ್ಲಿ ಸ್ವರ ಬಗ್ಗಿಸುವ ನುರಿತ ವಾದಕರು ಬಾಯಿ, ಗಂಟಲಿನ ಒಳಜಾಗದ ಅನುರಣನವನ್ನೇ ಬದಲಿಸುತ್ತಾರೆ, ಬೆರಳು ಅರ್ಧ ತೆರೆಯುವುದು ಜೊತೆಗೆ ಸೇರುತ್ತದೆ. ಜಾರ್ಜ್ ಗರ್ಶ್ವಿನ್ನನ 1924ರ ‘ರ್‍ಯಾಪ್ಸಡಿ ಇನ್ ಬ್ಲೂ’ ಕೃತಿಯ ಪ್ರಖ್ಯಾತ ಆರಂಭದ ಜಾರು ಮೂಡುವುದೂ ಹೀಗೆಯೇ.

ಕ್ಲಾರಿನೆಟ್ ಸ್ವರ ಸುಲಭವಾಗಿ ಕೆಳಕ್ಕೆ ಬಗ್ಗುತ್ತದೆ, ಮೇಲಕ್ಕೆ ಹೆಚ್ಚು ಹೋಗುವುದಿಲ್ಲ. ಆದ್ದರಿಂದ ಗಮಕ ನುಡಿಸುವವನು ನೆಲೆಸ್ವರದಲ್ಲಿ ಹಿಡಿತವನ್ನು ತುಸು ದೃಢವಾಗಿಟ್ಟು, ಅಲ್ಲಿಂದ ಸಡಿಲಿಸಿ ಕೆಳಗಿಳಿದು ಮತ್ತೆ ಮರಳುತ್ತಾನೆ. ಮೊದಲಿನಿಂದಲೇ ಸಡಿಲವಾಗಿ ಹಿಡಿದರೆ ಇಳಿಯಲು ಜಾಗ ಉಳಿಯುವುದಿಲ್ಲ. ಮೂಲೆಗಳು ಮತ್ತು ಮೇಲಿನ ಹಲ್ಲು ಸ್ಥಿರ, ಚಲನೆ ಏನಿದ್ದರೂ ನಾಲಗೆಯ ಬೆನ್ನಲ್ಲಿ, ಅತ್ಯಲ್ಪವಾಗಿ ದವಡೆಯಲ್ಲಿ. ಈ ಹಂಚಿಕೆ ಬಂದರೆ ಎರಡೂ ಸಂಗೀತವನ್ನು ಒಂದೇ ಬಾಯಿ ನುಡಿಸುತ್ತದೆ. ಟ್ರಿನಿಟಿ ಪರೀಕ್ಷೆಗೆ ಕೂತ ಮಗು ಸಂಜೆ ವರ್ಣ ನುಡಿಸಿದರೆ ಹಿಡಿತ ಕೆಡುತ್ತದೆಂಬ ಭಯಕ್ಕೆ ಆಧಾರವಿಲ್ಲ.

ಸಾಧನೆಯ ಮೊದಲ ಪಾಠಕ್ಕೆ ಸರಳೆ ವರಸೆಗಿಂತ ಒಳ್ಳೆಯದು ಬೇಕಾಗಿಲ್ಲ, ಆದರೆ ಅದಕ್ಕೆ ಮೊದಲು ಶ್ರುತಿಪೆಟ್ಟಿಗೆಯೊಡನೆ ಒಂದೊಂದೇ ಸ್ವರ ಹಿಡಿದು ನಿಲ್ಲುವುದು ಕಡ್ಡಾಯ. ಶ್ರುತಿಯ ಜೊತೆ ಸ್ವರ ಕೂಡಿದಾಗ ಮಿಡಿತ ನಿಂತು ನಾದ ಒಂದಾಗುವುದು ಕಿವಿಗೆ ಗೊತ್ತಾಗುತ್ತದೆ. ಟ್ಯೂನರಿನ ಮುಳ್ಳು ನೋಡಿ ತಿದ್ದುವುದಕ್ಕಿಂತ ಇದು ಬಾಯಿಗೆ ಬೇಗ ಕಲಿಸುತ್ತದೆ. ಬಿ ಫ್ಲಾಟ್ ವಾದ್ಯದಲ್ಲಿ ಆರು ಬೆರಳೂ ಹೆಬ್ಬೆರಳೂ ಮುಚ್ಚಿದಾಗಿನ ಸ್ವರವನ್ನು ಷಡ್ಜ ಮಾಡಿಕೊಂಡರೆ ಎಫ್ ಶ್ರುತಿ. ಆಗ ತಾರಷಡ್ಜ ಬೆರಳೇ ಇಲ್ಲದ ತೆರೆದ ಸ್ವರ, ಕ್ಲಾರಿನೆಟ್ಟಿನಲ್ಲಿ ದುರ್ಬಲವೆನಿಸುವ ಗಂಟಲ ಸ್ವರಗಳಲ್ಲಿ ಒಂದು. ಮಾಯಾಮಾಳವಗೌಳದ ಮೇಲ್ಸ್ಥಾಯಿ ವರಸೆಯಲ್ಲಿ ತಾರದ ರಿಷಭದಿಂದ ಗಾಂಧಾರಕ್ಕೆ ಹೋಗುವಾಗ ಬೆರಳುಗಳೆಲ್ಲ ಒಮ್ಮೆಗೇ ಮುಚ್ಚಿ ರಿಜಿಸ್ಟರ್ ಕೀ ತೆರೆಯಬೇಕು. ಕ್ಲಾರಿನೆಟ್ ವಾದಕರು ಬ್ರೇಕ್ ಎನ್ನುವ ದಾಟು ಇದೇ. ಇಲ್ಲಿ ಸ್ವರ ಬಾರದಿದ್ದರೆ ತುಟಿಯನ್ನು ಮುಟ್ಟದೆ ಮೊದಲು ಬೆರಳ ಕೆಳಗೆ ಗಾಳಿ ಸೋರುತ್ತಿದೆಯೇ ನೋಡಬೇಕು. ಬಹುತೇಕ ಸಾರಿ ಕಾರಣ ಬಲಗೈಯ ಉಂಗುರ ಬೆರಳು.

ರೀಡು, ಹವೆ

ರೀಡಿಗೆ ಬಳಸುವ ಜೊಂಡು ದಕ್ಷಿಣ ಫ್ರಾನ್ಸಿನ ವಾರ್ ಪ್ರಾಂತದ್ದು ಪ್ರಸಿದ್ಧ. ಗಟ್ಟಿತನವನ್ನು ಅಂಕೆಯಲ್ಲಿ ಸೂಚಿಸುತ್ತಾರೆ. ಹೊಸಬರಿಗೆ 2 ಅಥವಾ 2½ ಹೊಂದುತ್ತದೆ. ಅಂಕೆ ಏರಿಸುವುದು ಪ್ರತಿಷ್ಠೆಯಲ್ಲ, ಮೌತ್‌ಪೀಸಿನ ಸೀಳು ಅಗಲವಿದ್ದಷ್ಟೂ ರೀಡು ಮೆತ್ತಗಿರಬೇಕು. ಮೀರತ್ತಿನಂಥ ಕಡೆಯಿಂದ ಬರುವ ಕಡಿಮೆ ಬೆಲೆಯ ಬ್ಯಾಂಡ್ ವಾದ್ಯದ ಜೊತೆ ಸಿಗುವ ಮೌತ್‌ಪೀಸ್ ಸಮನಾಗಿಲ್ಲದಿದ್ದರೆ ಯಾವ ರೀಡೂ ಕೂರುವುದಿಲ್ಲ. ಹಣ ಸೀಮಿತವಾಗಿದ್ದರೆ ವಾದ್ಯಕ್ಕಿಂತ ಮೊದಲು ಒಳ್ಳೆಯ ಮೌತ್‌ಪೀಸ್ ಕೊಳ್ಳುವುದು ಜಾಣತನ.

ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಫೆಬ್ರವರಿ, ಮಾರ್ಚ್ ಮಧ್ಯಾಹ್ನಗಳಲ್ಲಿ ಗಾಳಿ ತೀರ ಒಣಗುತ್ತದೆ, ಜೂನ್‌ನಿಂದ ಅಕ್ಟೋಬರ್‌ವರೆಗೆ ತೇವ ತುಂಬಿರುತ್ತದೆ. ಒಣಗಾಳಿಗೆ ರೀಡಿನ ತುದಿ ಅಲೆಯಲೆಯಾಗಿ ಸುಕ್ಕುಗಟ್ಟುತ್ತದೆ. ವಾದಕನಿಗೆ ತನ್ನ ತುಟಿಯೇ ಕೈಕೊಟ್ಟಂತೆ ಅನಿಸುತ್ತದೆ. ನಾಲ್ಕು ರೀಡುಗಳನ್ನು ಸರದಿಯಲ್ಲಿ ಬಳಸಿ, ಚಪ್ಪಟೆ ಗಾಜಿನ ಮೇಲೋ ಮುಚ್ಚಿದ ಡಬ್ಬಿಯಲ್ಲೋ ಇಟ್ಟರೆ ಈ ತೊಂದರೆ ಕಡಿಮೆ. ಕೆನಡಾದ ಲೆಜೇರ್ ಕಂಪನಿಯಂಥವರ ಕೃತಕ ರೀಡು ಬೆಲೆ ಹೆಚ್ಚಾದರೂ ಹವೆಗೆ ಬಗ್ಗುವುದಿಲ್ಲ. ವಾದ್ಯದ ಮರದ ಬಗ್ಗೆಯೂ ಎಚ್ಚರ ಬೇಕು. ಅದು ಆಫ್ರಿಕದ ಕಪ್ಪುಮರ, ನಮ್ಮ ಬೀಟೆಯದೇ ಕುಲ. ಒಣಹವೆಯಲ್ಲಿ ಒಮ್ಮೆಗೇ ಬಿಸಿಯಾದರೆ ಸೀಳುತ್ತದೆ.

ಹಲ್ಲು, ನೋವು, ವಯಸ್ಸು

ಮೇಲಿನ ಮುಂಹಲ್ಲು ಬಿದ್ದು ಬೆಳೆಯುವ ಆರರಿಂದ ಎಂಟು ವರ್ಷದ ನಡುವೆ ಕ್ಲಾರಿನೆಟ್ ಹಿಡಿಸುವುದು ಬೇಡ. ಒಂಬತ್ತು, ಹತ್ತರ ಹೊತ್ತಿಗೆ ಬೆರಳೂ ರಂಧ್ರ ಮುಚ್ಚುವಷ್ಟಾಗುತ್ತದೆ. ಹಲ್ಲಿಗೆ ಕ್ಲಿಪ್ ಹಾಕಿಸುವ ಮಕ್ಕಳು ನುಡಿಸಬಹುದು. ಕೆಳತುಟಿಗೆ ತಂತಿ ತಗಲದಂತೆ ದಂತವೈದ್ಯರು ಕೊಡುವ ಮೇಣ ಅಥವಾ ಹಲ್ಲಿನ ಮೇಲೆ ಮಡಚಿಟ್ಟ ತೆಳು ಕಾಗದ ಸಾಕಾಗುತ್ತದೆ. ಚಿಕಿತ್ಸೆ ಶುರುವಾಗುವ ಮೊದಲೇ ವಾದ್ಯದ ವಿಷಯ ವೈದ್ಯರಿಗೆ ಹೇಳಬೇಕು, ಮುಂಹಲ್ಲು ಸ್ವಲ್ಪ ಸರಿದರೂ ಹಿಡಿತ ಹೊಸದಾಗಿ ಕಟ್ಟಬೇಕಾಗುತ್ತದೆ. ಜೆ.ಪಿ. ನಗರದಲ್ಲೇ ಆರ್.ವಿ. ದಂತ ವೈದ್ಯಕೀಯ ಕಾಲೇಜು ಇರುವ ಈ ಭಾಗದಲ್ಲಿ ಅಂಥ ಸಲಹೆಗೆ ದೂರ ಹೋಗಬೇಕಿಲ್ಲ.

ಸ್ನಾಯು ದಣಿದ ಉರಿ ರಾತ್ರಿ ಕಳೆದರೆ ಹೋಗುತ್ತದೆ. ಕಿವಿಯ ಮುಂದೆ ದವಡೆಯ ಕೀಲಿನಲ್ಲಿ ನೋವು, ಬಾಯಿ ತೆರೆದಾಗ ಸದ್ದು, ತುಟಿಯ ಒಂದು ಭಾಗ ಜೋಮು ಹಿಡಿಯುವುದು ಇವು ದಣಿವಲ್ಲ, ವೈದ್ಯರಿಗೆ ತೋರಿಸಬೇಕಾದವು. ವರ್ಷಗಳ ವಾದನದ ಬಳಿಕ ಕೆಲವರಿಗೆ ನೋವಿಲ್ಲದೆಯೇ ತುಟಿ ಮಾತು ಕೇಳದಂತಾಗುತ್ತದೆ. ಉಣ್ಣುವಾಗ, ಮಾತಾಡುವಾಗ ಸರಿ, ಮೌತ್‌ಪೀಸ್ ತಗಲಿದಾಗ ಮಾತ್ರ ನಡುಕ, ಸೆಳೆತ. ಇದು ಡಿಸ್ಟೋನಿಯ ಎಂಬ ನರಸಂಬಂಧಿ ತೊಂದರೆ ಇರಬಹುದು. ಇದಕ್ಕೆ ಹೆಚ್ಚು ಸಾಧನೆ ಮಾಡುವುದು ಪರಿಹಾರವಲ್ಲ, ಕೇಡು. ಜಯನಗರದ ಅಂಚಿನಲ್ಲೇ ಹೊಸೂರು ರಸ್ತೆಯಲ್ಲಿರುವ ನಿಮ್ಹಾನ್ಸ್‌ನ ನರವಿಜ್ಞಾನ ವಿಭಾಗದಂಥ ಕಡೆ ತೋರಿಸಬೇಕು. ತುಟಿ ಹೋಯಿತೆಂದು ಸಂಕೋಚದಿಂದ ಮುಚ್ಚಿಟ್ಟುಕೊಂಡು ವಾದ್ಯ ಬಿಟ್ಟುಬಿಡುವುದೇ ಇದರಲ್ಲಿ ಆಗುವ ದೊಡ್ಡ ನಷ್ಟ.

ಹೊಸಬರಿಗೆ ಹತ್ತು ಹತ್ತು ನಿಮಿಷದ ಎರಡು ಬೈಠಕ್ಕು, ನಡುವೆ ಬಿಡುವು. ಬಾಯಿಯ ಮೂಲೆಯಿಂದ ಗಾಳಿ ಸೋರತೊಡಗಿದರೆ ಅಂದಿಗೆ ಮುಗಿಸಬೇಕು. ಆಮೇಲೂ ನುಡಿಸಿದರೆ ಬಾಯಿ ಕಲಿಯುವುದು ಕಚ್ಚುವುದನ್ನು. ಮದುವೆಗಳಲ್ಲಿ ಸ್ಯಾಕ್ಸೊಫೋನ್ ನುಡಿಸಿ ಜೀವನ ಮಾಡುವವರಿಗೆ ಈ ಲೆಕ್ಕ ಕಷ್ಟ. ವೈಶಾಖದ ಮುಹೂರ್ತದ ದಿನಗಳಲ್ಲಿ ನಸುಕಿನಿಂದ ಊಟದ ಹೊತ್ತಿನವರೆಗೆ ಅವರ ಬಾಯಿಗೆ ಬಿಡುವಿಲ್ಲ. ಆ ದಿನಗಳಲ್ಲಿ ಕ್ಲಾರಿನೆಟ್ಟಿನ ಹಿಡಿತ ಹೊಸದಾಗಿ ಕಟ್ಟಲು ಹೋಗಬಾರದು, ಎರಡೂ ಕೆಡುತ್ತವೆ. ಮೌತ್‌ಪೀಸಿಗೆ ಬ್ಯಾರೆಲ್ ಸೇರಿಸಿ ದಿನಕ್ಕೆ ನಾಲ್ಕೈದು ನಿಮಿಷ ಎಫ್ ಶಾರ್ಪ್ ಹಿಡಿದು ನೆನಪು ಉಳಿಸಿಕೊಂಡರೆ ಸಾಕು. ಆಷಾಢದಲ್ಲಿ ಮದುವೆಗಳಿರುವುದಿಲ್ಲ. ಆ ಒಂದು ತಿಂಗಳನ್ನು ಪೂರ್ತಿ ಮಂದ್ರಸ್ಥಾಯಿಯ ನಿಲುಸ್ವರಗಳಿಗೆ ಕೊಟ್ಟವರು ಶ್ರಾವಣದ ಹೊತ್ತಿಗೆ ಬ್ರೇಕ್ ದಾಟಿ ಜಂಟಿ ವರಸೆಗೆ ಬರಬಹುದು.